ಕೀಲೆಣ್ಣೆಯಿಂದ ಟ್ವೆಂಟಿ-ಫಿಫ್ಟಿವರೆಗೆ

ಎತ್ತಿನ ಗಾಡಿ ನೋಡಿ ಬೆಳೆದವರಿಗೆ ಕೀಲೆಣ್ಣೆ ಗೊತ್ತಿರುತ್ತೆ. ಅಚ್ಚಿಗೆ ಅದು ಬೀಳದಿದ್ದರೆ ಗಾಡಿಯ ಕಿರುಗುಟ್ಟುವಿಕೆ ಊರಿಗೆಲ್ಲ ಕೇಳುತ್ತೆ. ಮೊನ್ನೆ ಇಂಗ್ಲೆಂಡಿನಲ್ಲಿರುವ ಗೆಳೆಯನೊಬ್ಬ ಫೋನ್ ಮಾಡಿ, "1967ರ ಎಂಜಿಬಿ ತಗೊಂಡೆ ಕಣೋ, ಯಾವ ಎಣ್ಣೆ ಹಾಕ್ಲಿ?" ಅಂದಾಗ ನನಗೆ ನೆನಪಾದದ್ದು ಅದೇ. ಅಂಗಡಿಯವನು "ಇರೋದ್ರಲ್ಲಿ ಹೊಸದನ್ನೇ ಹಾಕಿ" ಅಂದನಂತೆ. ಹೊಸದು ಅಂದ್ರೆ ಒಳ್ಳೇದೇ ಅಲ್ವಾ? ಕಥೆ ಇರೋದೇ ಇಲ್ಲಿ.

ಎಂಜಿಬಿ ಅಂದರೆ ಚಾವಣಿ ಮಡಚಿ ಓಡಿಸಬಹುದಾದ, 1798 ಸಿಸಿಯ ಎರಡು ಸೀಟಿನ ಕಾರು. 1962ರಿಂದ 1980ರವರೆಗೆ ಅಬಿಂಗ್ಡನ್ ಎಂಬ ಊರಿನಲ್ಲಿ ತಯಾರಾಯಿತು. ಚಾವಣಿ ತೆಗೆಯಲಾಗದ ಜಿಟಿ ಮಾದರಿಯೂ ಸೇರಿದರೆ ಲೆಕ್ಕ ಐದು ಲಕ್ಷ ದಾಟುತ್ತೆ.

ಅದಕ್ಕೂ ಎಷ್ಟೋ ಮೊದಲು ಎಂಜಿನ್‌ಗಳಿಗೆ ನಮ್ಮ ಹರಳೆಣ್ಣೆಯೇ ಆಗಿಬರುತ್ತಿತ್ತು. ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಶುರು ಮಾಡಿದ ಕಂಪನಿ 1909ರಲ್ಲಿ ಹರಳೆಣ್ಣೆ ಬೆರೆಸಿದ ಎಣ್ಣೆ ತಂದು 'ಕ್ಯಾಸ್ಟ್ರಾಲ್' ಅಂತ ಹೆಸರಿಟ್ಟಿತು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್ ತಾನೇ! ಬಿಸಿಯಲ್ಲೂ ಲೋಹಕ್ಕೆ ಅಂಟಿಕೊಳ್ಳುವುದು ಅದರ ಗುಣ, ಕಾಲ ಕಳೆದಂತೆ ಗೋಂದಾಗುವುದು ಅದರ ದೋಷ. ಖನಿಜ ತೈಲದ ತೊಂದರೆಯೇ ಬೇರೆ: ಚಳಿಗೆ ತೆಳುವಾದದ್ದು, ಬೇಸಿಗೆಗೆ ಮಂದವಾದದ್ದು ಅಂತ ಬದಲಿಸಬೇಕಿತ್ತು. ಅದಕ್ಕೆ ಉತ್ತರವಾಗಿ ಹುಟ್ಟಿದ್ದು ಮಲ್ಟಿಗ್ರೇಡ್. 20ಡಬ್ಲ್ಯೂ-50 ಅಂದರೆ ಚಳಿಯಲ್ಲಿ 20ರ ದರ್ಜೆ, ಬಿಸಿಯಲ್ಲಿ 50ರ ದರ್ಜೆ. ಎಂಜಿಬಿಗೆ ಒಪ್ಪುವುದು ಇದೇ.

ಹಾಗಾದರೆ ಇವತ್ತಿನ ತೆಳು ಎಣ್ಣೆ ಯಾಕೆ ಬೇಡ? ಹಳೆಯ ಎಂಜಿನ್ನಿನ ಸಂದುಗಳು ದೊಡ್ಡವು ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ ಸತು. ಕ್ಯಾಮ್ ಮೇಲೆ ಉಜ್ಜುವ ಚಪ್ಪಟೆ ಟ್ಯಾಪೆಟ್‌ಗಳನ್ನು ಸವೆಯದಂತೆ ಕಾಯುವುದು ಎಣ್ಣೆಯಲ್ಲಿರುವ ಸತು-ರಂಜಕದ ಸಂಯುಕ್ತ. ಆದರೆ ರಂಜಕ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತೆ. ಹಾಗಾಗಿ 2004ರ ಎಪಿಐ ಎಸ್‌ಎಂ ದರ್ಜೆಯಲ್ಲಿ, ತೆಳು ಎಣ್ಣೆಗಳಿಗೆ ರಂಜಕ ಶೇ. 0.08 ಮೀರಬಾರದು ಅಂತ ಮಿತಿ ಬಂತು. ಗಾಳಿಗೆ ಒಳ್ಳೆಯದಾದದ್ದು ಹಳೆಯ ಕ್ಯಾಮ್‌ಗೆ ಮುಳುವಾಗಬಹುದು.

ಗೇರ್‌ಬಾಕ್ಸಿನದೂ ಇದೇ ಪಾಡು. ಹೆಸರು ನೋಡಿ 'ಗೇರ್ ಆಯಿಲ್' ತರಬೇಡಿ, ಅಲ್ಲಿಗೂ ಎಂಜಿನ್ ಎಣ್ಣೆಯೇ. ಜಿಎಲ್-5 ಎಣ್ಣೆಯಲ್ಲಿ ಗಂಧಕ-ರಂಜಕದ ಪಾಲು ಜಿಎಲ್-4ಕ್ಕಿಂತ ಹೆಚ್ಚು. ಅದು ಹಿತ್ತಾಳೆ, ಕಂಚಿನ ಭಾಗಗಳನ್ನು ಕೊರೆಯಬಹುದು. ಗೇರ್ ಆಯಿಲ್ ಹೋಗಬೇಕಾದದ್ದು ಹಿಂದಿನ ಆಕ್ಸಲ್ಲಿಗೆ, 90ರ ದರ್ಜೆಯದು.

ಸವಕಳಿಯಾದರೆ ದುಡ್ಡು ಹೋಗುತ್ತೆ ಅಷ್ಟೇ. ಬ್ರೇಕ್ ದ್ರವದ ವಿಷಯದಲ್ಲಿ ತಪ್ಪಿದರೆ ಹೋಗೋದು ಜೀವ. ಗ್ಲೈಕಾಲ್ ದ್ರವ ಗಾಳಿಯ ತೇವ ಹೀರುತ್ತೆ. ಡಾಟ್ 4ರ ಕನಿಷ್ಠ ಕುದಿಬಿಂದು ಹೊಸದರಲ್ಲಿ 230 ಡಿಗ್ರಿ, ನೀರು ಹೀರಿದ ಮೇಲೆ 155. ಇಳಿಜಾರಿನಲ್ಲಿ ಬ್ರೇಕ್ ಕಾದು ದ್ರವ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ, ಪೆಡಲ್ ನೆಲ ಮುಟ್ಟುತ್ತೆ. ಸಿಲಿಕೋನಿನ ಡಾಟ್ 5 ನೀರು ಹೀರಲ್ಲ, ಬಣ್ಣವನ್ನೂ ಕಿತ್ತುಹಾಕಲ್ಲ. ಆದರೆ ಅದನ್ನು ಗ್ಲೈಕಾಲಿಗೆ ಬೆರೆಸಕೂಡದು. ತಮಾಷೆ ಅಂದ್ರೆ, ಡಾಟ್ 5.1 ಮತ್ತೆ ಗ್ಲೈಕಾಲೇ! ಮಿನರಲ್ ಎಣ್ಣೆಯಂತೂ ಒಂದು ಹನಿಯೂ ಬೇಡ, ರಬ್ಬರ್ ಉಬ್ಬಿಹೋಗುತ್ತೆ.

ಇಂಥ ಕಾರು ಚಳಿಗಾಲವೆಲ್ಲ ಶೆಡ್ಡಿನಲ್ಲೇ ಮಲಗಿರುತ್ತೆ. "ಓಡಿಸಿಯೇ ಇಲ್ಲವಲ್ಲ" ಅಂತ ಸುಮ್ಮನಿರುವ ಹಾಗಿಲ್ಲ. ಎಂಜಿನ್ ಎಣ್ಣೆ ವರ್ಷಕ್ಕೊಮ್ಮೆ, ಗ್ಲೈಕಾಲ್ ಬ್ರೇಕ್ ದ್ರವ ಎರಡು ವರ್ಷಕ್ಕೊಮ್ಮೆ ಬದಲಾಗಲೇಬೇಕು.

ಗೆಳೆಯನಿಗೆ ಇಷ್ಟೇ ಹೇಳಿದೆ: "ಡಬ್ಬದ ಮುಂದಿನ ಚಿತ್ರ ನೋಡಬೇಡ, ಹಿಂದಿನ ಸಣ್ಣ ಅಕ್ಷರ ಓದು. ಎಣ್ಣೆ ಇವತ್ತಿನದೇ ಇರಲಿ, ಆದರೆ ಆ ಕಾಲದ ಲೋಹಕ್ಕೆ, ರಬ್ಬರಿಗೆ ಒಪ್ಪುವಂಥದ್ದಿರಲಿ."

ಅಂದ ಹಾಗೆ, ನಿಮ್ಮ ಕಡೆ ಕೀಲೆಣ್ಣೆಗೆ ಏನೇನು ಬೆರೆಸುತ್ತಿದ್ದರು? ಮನೆಯ ಹಿರಿಯರನ್ನು ಕೇಳಿ, ಗೊತ್ತಾದರೆ ನನಗೂ ತಿಳಿಸಿ...