ಸಂತೆಯಲ್ಲಿ ನಿದ್ದೆ, ಮನೆಯಲ್ಲಿ ಎಚ್ಚರ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದವರೇ. ಗಮನಿಸಿ ನೋಡಿ, ಅದು ‘ಚಿಂತೆಯಿಲ್ಲದವನಿಗೆ’ ಎನ್ನುತ್ತದೆಯೇ ಹೊರತು ‘ಚಿಂತೆಯಿಲ್ಲದವಳಿಗೆ’ ಎನ್ನುವುದಿಲ್ಲ. ಗಾದೆ ಕಟ್ಟಿದ ಹಿರಿಯರಿಗೆ ಅಂಥವಳು ಎಲ್ಲೂ ಸಿಕ್ಕಿರಲಿಕ್ಕಿಲ್ಲ! ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ, ಮಗಳ ಫೀಸಿಗೆ ಏನು ಮಾಡುವುದು, ಅತ್ತೆಯವರ ಕೆಮ್ಮು ಯಾಕೆ ಇಳಿಯಲಿಲ್ಲ ಎಂದು ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಲೆಕ್ಕ ಹಾಕುತ್ತ ಮಲಗಿರುವವಳು ನಮ್ಮ ಪ್ರತಿಯೊಂದು ಬೀದಿಯಲ್ಲೂ ಇದ್ದಾಳೆ. ಅಂಥವರಲ್ಲಿ ಎಷ್ಟೋ ಮಂದಿಯ ಬೀರುವಿನಲ್ಲಿ, ಸೀರೆಗಳ ಮಡಿಕೆಯ ನಡುವೆ, ಸಣ್ಣ ಮಾತ್ರೆಗಳ ಒಂದು ಪಟ್ಟಿಯೂ ಇರುತ್ತದೆ.

ಶಾಲೆಯಲ್ಲಿ ಚರಿತ್ರೆ ಪಾಠ ಮಾಡುವವಳು ನಾನು. ರಾಜರ ಪಟ್ಟಾಭಿಷೇಕದ ಇಸವಿಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಆದರೆ ಈ ಪುಟ್ಟ ಮಾತ್ರೆಗೂ ಒಂದು ಚರಿತ್ರೆಯಿದೆ, ಅದರಲ್ಲಿ ಹೆಂಗಸರದೇ ದೊಡ್ಡ ಪಾತ್ರವಿದೆ ಎಂಬುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ನಿದ್ದೆಗೆ ಔಷಧಿ ಹುಡುಕುವುದು ಹೊಸದೇನಲ್ಲ. ಅಫೀಮಿನ ಗುಣ ಜಗತ್ತಿಗೆಲ್ಲ ಹಳೆಯ ಕಾಲದಿಂದಲೂ ಗೊತ್ತಿತ್ತು. 1857ರಲ್ಲಿ ಲಂಡನ್ನಿನ ವೈದ್ಯ ಸರ್ ಚಾರ್ಲ್ಸ್ ಲೋಕಾಕ್ ಮೂರ್ಛೆ ರೋಗಕ್ಕೆ ಬ್ರೋಮೈಡ್ ಉಪ್ಪು ಒಳ್ಳೆಯದೆಂದು ಹೇಳಿದ ಮೇಲೆ, ಅದೇ ಉಪ್ಪು ‘ನರಗಳ ದೌರ್ಬಲ್ಯ’ಕ್ಕೂ ಬಳಕೆಗೆ ಬಂತು. 1903ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೇರಿಂಗ್ ಬಾರ್ಬಿಟಾಲ್ ಎಂಬ ಔಷಧಿಯನ್ನು ಬೆಳಕಿಗೆ ತಂದರು. ಅದು ವೆರೊನಾಲ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. 1912ರಲ್ಲಿ ಅದರ ತಂಗಿ ಲುಮಿನಾಲ್ ಬಂತು. ಇವುಗಳಿಂದ ನಿದ್ದೆಯೇನೋ ಬರುತ್ತಿತ್ತು. ಆದರೆ ನಿದ್ದೆಯ ಅಳತೆಗೂ ಸಾವಿನ ಅಳತೆಗೂ ಅಂತರ ಬಹಳ ಕಡಿಮೆ. 1962ರಲ್ಲಿ ಮರ್ಲಿನ್ ಮನ್ರೋ ತೀರಿಕೊಂಡಾಗ ಆಕೆಯ ದೇಹದಲ್ಲಿ ಸಿಕ್ಕಿದ್ದೂ ಇದೇ ಜಾತಿಯ ಔಷಧಿ.

ಈ ನಡುವೆ, ಚಿಂತೆ ಮೈಗೆ ಏನು ಮಾಡುತ್ತದೆ ಎಂಬುದನ್ನು ವಿಜ್ಞಾನಿಗಳು ಹುಡುಕತೊಡಗಿದ್ದರು. 1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ ಒಂದು ಸಣ್ಣ ಬರಹ ಪ್ರಕಟಿಸಿದರು. ಇಲಿಗಳನ್ನು ಚಳಿಯಲ್ಲಿಡಲಿ, ಗಾಯಗೊಳಿಸಲಿ, ದಣಿಸಲಿ, ಒಳಗೆ ಆಗುವ ಹಾನಿ ಒಂದೇ ಬಗೆಯದಾಗಿತ್ತು: ಹೊಟ್ಟೆಯಲ್ಲಿ ಹುಣ್ಣು, ರೋಗನಿರೋಧಕ ಗ್ರಂಥಿಗಳ ಕುಗ್ಗುವಿಕೆ, ಅಡ್ರಿನಲ್ ಗ್ರಂಥಿಯ ಊತ. ಮುಂದೆ ಇದಕ್ಕೇ ‘ಸ್ಟ್ರೆಸ್’ ಎಂಬ ಹೆಸರು ನಿಂತಿತು. ಅಡ್ರಿನಲ್ ಎಂದರೆ ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕುಳಿತಿರುವ ಗ್ರಂಥಿ. ಕಾರ್ಟಿಸಾಲ್ ಎಂಬ ರಸ ಹುಟ್ಟುವುದು ಅಲ್ಲಿಯೇ. ಆ ಗ್ರಂಥಿಯ ರಸಗಳನ್ನು ಕುರಿತ ಕೆಲಸಕ್ಕೆ ಕೆಂಡಾಲ್, ರೈಖ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರ ನೊಬೆಲ್ ಪ್ರಶಸ್ತಿ ಬಂತು. ಕಾರ್ಟಿಸಾಲ್ ನಮ್ಮ ಶತ್ರುವಲ್ಲ. ಬೆಳಗಿನ ಜಾವ ಏರಿ ನಮ್ಮನ್ನು ಎಬ್ಬಿಸುತ್ತದೆ, ನಡುರಾತ್ರಿಯ ಹೊತ್ತಿಗೆ ತೀರ ಇಳಿದು ಮಲಗಗೊಡುತ್ತದೆ. ಚಿಂತೆ ದಿನನಿತ್ಯದ್ದಾದಾಗ ಈ ಏರಿಳಿತದ ತಾಳ ತಪ್ಪಬಹುದು. ಮಲಗಬೇಕಾದ ಹೊತ್ತಿನಲ್ಲಿ ಮೈ ಕಾವಲು ಕೂರುತ್ತದೆ.

ಮನಸ್ಸನ್ನು ತಣಿಸುವ ಮದ್ದಿನ ಕಥೆಯಲ್ಲಿ ನಮ್ಮ ನೆಲದ ಒಂದು ಗಿಡವೂ ಇದೆ. ಅದು ಸರ್ಪಗಂಧ. ಅದರ ಬೇರನ್ನು ಉತ್ತರ ಭಾರತದಲ್ಲಿ ಹುಚ್ಚಿನ ಮದ್ದೆಂದೇ ಮಾರುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದರ ಗುಣವನ್ನು ವೈದ್ಯಪತ್ರಿಕೆಯಲ್ಲಿ ಬರೆದರು. 1949ರಲ್ಲಿ ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್, ಅದು ರಕ್ತದೊತ್ತಡ ಇಳಿಸುವುದನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ತೋರಿಸಿಕೊಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯವರು ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಜಗತ್ತು ಕೊಂಡಾಡಿತು. ಕೆಲವೇ ವರ್ಷಗಳಲ್ಲಿ, ಅದನ್ನು ಸೇವಿಸಿದ ಕೆಲವರು ತೀವ್ರ ಖಿನ್ನತೆಗೆ ಬೀಳುತ್ತಾರೆಂದು ವೈದ್ಯರು ಬರೆಯತೊಡಗಿದರು. ಬೇರಿನದು, ಆದ್ದರಿಂದ ತೊಂದರೆಯಿಲ್ಲ ಎನ್ನುವವರು ಈ ಪಾಠವನ್ನು ನೆನಪಿಡಬೇಕು.

ಇನ್ನು ಅಮೆರಿಕಕ್ಕೆ ಬರೋಣ. 1955ರಲ್ಲಿ ಅಲ್ಲಿ ಮಿಲ್‌ಟೌನ್ ಎಂಬ ಮಾತ್ರೆ ಬಂತು. ಅದನ್ನು ರೂಪಿಸಿದವರು ಫ್ರಾಂಕ್ ಬರ್ಗರ್, ಹೆಸರು ನ್ಯೂಜೆರ್ಸಿಯ ಒಂದು ಊರಿನದು. ಆಸ್ಪತ್ರೆಯ ರೋಗಿಗಳಿಗಲ್ಲ, ಮನೆಯಲ್ಲಿ ಕಚೇರಿಯಲ್ಲಿ ಓಡಾಡಿಕೊಂಡಿರುವ ಸಾಮಾನ್ಯರ ತಳಮಳಕ್ಕೆಂದೇ ಬಂದ ಮಾತ್ರೆ ಅದು. ಔಷಧಿ ಅಂಗಡಿಗಳಲ್ಲಿ ದಾಸ್ತಾನು ಮುಗಿದುಹೋಗಿ ಬಾಗಿಲಿಗೆ ಬೋರ್ಡು ಹಾಕಬೇಕಾಯಿತಂತೆ. ಅದರ ಬೆನ್ನಿಗೇ, ರೋಶ್ ಕಂಪೆನಿಯ ಪ್ರಯೋಗಾಲಯದಲ್ಲಿ ಲಿಯೋ ಸ್ಟರ್ನ್‌ಬಾಕ್ ಮಾಡಿಟ್ಟು ಮೂಲೆಗೆ ಸರಿಸಿದ್ದ ಒಂದು ಪುಡಿ, 1957ರಲ್ಲಿ ಕೋಣೆ ಚೊಕ್ಕಟ ಮಾಡುವಾಗ ಕಣ್ಣಿಗೆ ಬಿತ್ತು. ಎಸೆಯುವ ಮುನ್ನ ಒಮ್ಮೆ ಪರೀಕ್ಷಿಸಿ ನೋಡಿದರು. ಅದೇ 1960ರಲ್ಲಿ ಲಿಬ್ರಿಯಂ ಆಗಿ ಬಂತು. 1963ರಲ್ಲಿ ಅದರ ಜಾತಿಯದೇ ಆದ ವ್ಯಾಲಿಯಂ ಬಂತು. 1969ರಿಂದ 1982ರವರೆಗೆ ಅಮೆರಿಕದ ವೈದ್ಯರು ಅತಿ ಹೆಚ್ಚಾಗಿ ಬರೆದುಕೊಟ್ಟ ಔಷಧಿ ವ್ಯಾಲಿಯಂ. 1978 ಒಂದೇ ವರ್ಷದಲ್ಲಿ 230 ಕೋಟಿ ಮಾತ್ರೆಗಳು ಮಾರಾಟವಾದವು.

ನುಂಗಿದವರು ಯಾರು? ಹೆಚ್ಚಿನವರು ಹೆಂಗಸರು. ವ್ಯಾಲಿಯಂ ಬಂದ 1963ರಲ್ಲೇ ಬೆಟ್ಟಿ ಫ್ರೀಡನ್ ಎಂಬಾಕೆಯ ‘ದಿ ಫೆಮಿನಿನ್ ಮಿಸ್ಟಿಕ್’ ಪುಸ್ತಕವೂ ಬಂತು. ಮನೆ, ಕಾರು, ಮಕ್ಕಳು ಎಲ್ಲ ಇದ್ದೂ ಹೆಸರಿಡಲಾಗದ ಒಂದು ಸಂಕಟದಿಂದ ಬಳಲುವ ಗೃಹಿಣಿಯರ ಬಗ್ಗೆ, ಅವರು ನುಂಗುವ ಶಾಮಕ ಮಾತ್ರೆಗಳ ಬಗ್ಗೆ ಆಕೆ ಬರೆದರು. ಆ ದಶಕದಲ್ಲಿ ವೈದ್ಯರ ಪತ್ರಿಕೆಯಲ್ಲಿ ಬಂದ, ಇದೇ ಜಾತಿಯ ಇನ್ನೊಂದು ಮಾತ್ರೆಯ ಜಾಹೀರಾತೊಂದು ಇದೆ. ಪೊರಕೆಗಳು, ನೆಲ ಒರೆಸುವ ಕೋಲುಗಳು ಜೈಲಿನ ಸರಳುಗಳ ಹಾಗೆ ಸಾಲಾಗಿ ನಿಂತಿವೆ. ಅವುಗಳ ಹಿಂದೆ ಒಬ್ಬ ಹೆಂಗಸು ಹೊರಗೆ ನೋಡುತ್ತಿದ್ದಾಳೆ. ಆಕೆಯನ್ನು ಬಿಡಿಸುವುದು ನಿಮ್ಮಿಂದಾಗದು, ಆದರೆ ಆಕೆಯ ಕಳವಳವನ್ನು ಕಡಿಮೆ ಮಾಡಬಹುದು ಎಂಬ ಅರ್ಥದ ಮಾತು ಅದರಲ್ಲಿ ವೈದ್ಯರಿಗೆ ಹೇಳಿದೆ. ಸೆರೆಯಲ್ಲಿದ್ದಾಳೆಂಬುದು ಅವರಿಗೂ ಗೊತ್ತಿತ್ತು ಎಂದಾಯಿತಲ್ಲ! ಬಾಗಿಲು ತೆರೆಯುವ ಬದಲು ಮಾತ್ರೆ ಕೊಟ್ಟರು.

ಹೊಸ ಮಾತ್ರೆ ಬಂದಾಗಲೆಲ್ಲ ಇದು ಹಳೆಯದರಂತಲ್ಲ, ನಿರಪಾಯ ಎಂಬ ಭರವಸೆಯೂ ಜೊತೆಗೇ ಬಂತು. ಹೆಚ್ಚಿನ ಪ್ರಮಾಣದಲ್ಲಿ ಲಿಬ್ರಿಯಂ ತೆಗೆದುಕೊಂಡವರು ಥಟ್ಟನೆ ನಿಲ್ಲಿಸಿದರೆ ನಡುಕ, ನಿದ್ರಾಹೀನತೆ, ಫಿಟ್ಸ್ ಕೂಡ ಬರಬಹುದೆಂದು 1961ರಲ್ಲೇ ಲಿಯೋ ಹಾಲಿಸ್ಟರ್ ಎಂಬ ವೈದ್ಯರು ತೋರಿಸಿದ್ದರು. ಆದರೂ ಅಮೆರಿಕದ ಸರ್ಕಾರ ಈ ಮಾತ್ರೆಗಳನ್ನು ನಿಯಂತ್ರಿತ ಪಟ್ಟಿಗೆ ಸೇರಿಸಲು 1975 ಆಗಬೇಕಾಯಿತು. 1978ರಲ್ಲಿ ಮಾಜಿ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮಗೆ ಮದ್ಯ ಮತ್ತು ಮಾತ್ರೆಗಳ ಚಟ ಅಂಟಿದೆಯೆಂದು ಬಹಿರಂಗವಾಗಿ ಹೇಳಿ ಚಿಕಿತ್ಸೆ ಪಡೆದರು. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ 1982ರಿಂದ 1994ರವರೆಗೆ, ಈ ಮಾತ್ರೆಗಳಿಂದ ಬಿಡಿಸಿಕೊಳ್ಳುವವರಿಗಾಗಿಯೇ ಒಂದು ಕ್ಲಿನಿಕ್ ನಡೆಸಿದರು. ಸ್ವಲ್ಪ ಸ್ವಲ್ಪವೇ, ವಾರಗಟ್ಟಲೆ ತಿಂಗಳುಗಟ್ಟಲೆ ಕಡಿಮೆ ಮಾಡುತ್ತ ಹೋಗಬೇಕೆಂಬ ದಾರಿಯನ್ನು ರೋಗಿಗಳ ಅನುಭವವನ್ನು ಕೇಳಿ ಕೇಳಿಯೇ ಅವರು ರೂಪಿಸಿದರು.

ನಮ್ಮ ದೇಶದಲ್ಲಿ 1969ರಲ್ಲಿ ರಾನ್‌ಬಾಕ್ಸಿ ಕಂಪೆನಿ ವ್ಯಾಲಿಯಂನ ಸಾರವನ್ನೇ ಕಾಂಪೋಸ್ ಎಂಬ ಹೆಸರಿನಲ್ಲಿ ತಂದಿತು. ‘ಒಂದು ಕಾಂಪೋಸ್ ತೆಗೆದುಕೊಂಡು ಮಲಗು’ ಎನ್ನುವುದು ಮನೆಮಾತಾಯಿತು. ಆಮೇಲೆ ಆಲ್‌ಪ್ರಜೋಲಾಮ್ ಬಂತು. 2013ರಲ್ಲಿ ಸರ್ಕಾರ ಇಂಥ ಔಷಧಿಗಳನ್ನು ಎಚ್-1 ಎಂಬ ಹೊಸ ಪಟ್ಟಿಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು. ಆದರೆ ಕಾನೂನು ಅಂಗಡಿಯ ಕಟ್ಟೆಯವರೆಗೆ ಮಾತ್ರ ಬರುತ್ತದೆ. ಮನೆಯೊಳಗೆ ಗಂಡನ ಪಟ್ಟಿಯಿಂದ ಹೆಂಡತಿಗೆ, ಅತ್ತೆಯ ಪಟ್ಟಿಯಿಂದ ಸೊಸೆಗೆ ಮಾತ್ರೆ ಕೈದಾಟುವುದನ್ನು ಯಾವ ರಿಜಿಸ್ಟರೂ ಕಾಣದು.

ನನ್ನ ಪರಿಚಯದ ಒಬ್ಬಾಕೆಗೆ ಗಂಡ ತೀರಿಕೊಂಡಾಗ ಹದಿನೈದು ದಿನಕ್ಕೆಂದು ಬರೆದುಕೊಟ್ಟ ಮಾತ್ರೆ ಆರು ವರ್ಷ ನಡೆಯಿತು. “ಅಕ್ಕಾ, ಅದಿಲ್ದಿದ್ರೆ ಕಣ್ಣೇ ಮುಚ್ಚೋಲ್ಲ ಕಣ್ರೀ” ಎನ್ನುತ್ತಿದ್ದಳು. ಒಂದು ದಿನ ಹಟ ಹಿಡಿದು ಪೂರ್ತಿ ಬಿಟ್ಟಳು. ನಾಲ್ಕನೆಯ ರಾತ್ರಿ ಕೈಕಾಲು ನಡುಗಿ ಆಸ್ಪತ್ರೆ ಸೇರಿದಳು. ಅಲ್ಲಿ ಒಬ್ಬ ವೈದ್ಯೆ ಬೈಯದೆ, ಅವಸರ ಮಾಡದೆ, ಎಂಟು ತಿಂಗಳ ಕಾಲ ಕಾಲು ಕಾಲು ಮಾತ್ರೆಯಂತೆ ಇಳಿಸುತ್ತ ಬಂದರು. ಈಗ ಆಕೆ ಮಾತ್ರೆಯಿಲ್ಲದೆ ಮಲಗುತ್ತಾಳೆ. ಎಲ್ಲ ರಾತ್ರಿಯೂ ಅಲ್ಲ, ಹೆಚ್ಚಿನ ರಾತ್ರಿ.

ಈಗಿನ ಹೊಸ ಭಯ ಕಾರ್ಟಿಸಾಲ್. ಅದನ್ನು ಇಳಿಸುತ್ತೇವೆನ್ನುವ ಪುಡಿ, ಕ್ಯಾಪ್ಸೂಲುಗಳ ಜಾಹೀರಾತಿಗೆ ಬರವಿಲ್ಲ. ಕಾರ್ಟಿಸಾಲನ್ನು ನೇರವಾಗಿ ತಗ್ಗಿಸುವ ಔಷಧಿಗಳು ಇರುವುದು ನಿಜ. ಆದರೆ ಅವು ಕುಶಿಂಗ್ ಕಾಯಿಲೆಯಂಥ ಗ್ರಂಥಿರೋಗಕ್ಕೆ, ಸಂಸಾರದ ತಾಪತ್ರಯಕ್ಕಲ್ಲ. ಬಹುಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ನಿದ್ದೆಯ ಅಭ್ಯಾಸವನ್ನೂ ಯೋಚನೆಯ ಜಾಡನ್ನೂ ತಿದ್ದುವ ಮನೋಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಸ್ಥೆ 2016ರಲ್ಲಿ ಸಲಹೆ ಮಾಡಿತು.

ಮಾತ್ರೆಯನ್ನು ಜರೆಯುವುದು ನನ್ನ ಉದ್ದೇಶವಲ್ಲ. ಆಘಾತದ ದಿನಗಳಲ್ಲಿ, ಮನಸ್ಸಿನ ಕಾಯಿಲೆಯಲ್ಲಿ ಅದು ಜೀವ ಉಳಿಸುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಇದನ್ನೋದಿ ಇಂದೇ ಬಿಟ್ಟುಬಿಡಬೇಡಿ. ವೈದ್ಯರ ಬಳಿ ಹೋಗಿ, ಎಷ್ಟು ವರ್ಷವಾಯಿತೆಂದು ನಾಚಿಕೆಯಿಲ್ಲದೆ ಹೇಳಿ, ಇಳಿಸುವ ದಾರಿ ಕೇಳಿ. ಅದೇ ದಿನ ಮನೆಯವರನ್ನೂ ಕೂರಿಸಿಕೊಂಡು ಇನ್ನೊಂದು ಲೆಕ್ಕ ಮಾಡಿ: ರಾತ್ರಿ ಕೊನೆಯ ದೀಪ ಆರಿಸುವವರು ಯಾರು, ಬೆಳಿಗ್ಗೆ ಮೊದಲು ಒಲೆ ಹಚ್ಚುವವರು ಯಾರು? ಎರಡಕ್ಕೂ ಉತ್ತರ ಒಬ್ಬಳೇ ಆಗಿದ್ದರೆ, ಆಕೆಗೆ ಮೊದಲು ಬೇಕಾಗಿರುವುದು ಕೆಲಸದಲ್ಲಿ ಒಂದು ಪಾಲು.