ಬ್ರೆಡ್ಡಿಗೆ ಸಿಕ್ಕಿದ್ದು ಟೋರ್ಟಿಯಾಕ್ಕೆ ಸಿಗಲಿಲ್ಲ

ಟೆಕ್ಸಸ್‌ನ ದಕ್ಷಿಣ ತುದಿಯಲ್ಲಿ, ಮೆಕ್ಸಿಕೋ ಗಡಿಗೆ ಅಂಟಿಕೊಂಡ ಹಾಗೆ ಬ್ರೌನ್ಸ್‌ವಿಲ್ ಅಂತ ಒಂದು ಊರು. ಅಲ್ಲಿರುವವರಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದವರು. 1991ರ ಏಪ್ರಿಲ್‌ನಲ್ಲಿ ಅಲ್ಲಿನ ಒಂದೇ ಆಸ್ಪತ್ರೆಯಲ್ಲಿ, 36 ಗಂಟೆಗಳೊಳಗೆ, ಮೂರು ಮಕ್ಕಳು ಮೆದುಳು ಬೆಳೆಯದೆ ಹುಟ್ಟಿದವು. ಇಂಥ ಮಕ್ಕಳು ಉಳಿಯುವುದಿಲ್ಲ. ಗಡಿಯಾಚೆಯ ಕಾರ್ಖಾನೆಗಳ ರಾಸಾಯನಿಕದ ಮೇಲೆ ಜನರಿಗೆ ಅನುಮಾನ ಬಂತು. ಆಮೇಲಾಮೇಲೆ ಸಂಶೋಧಕರ ಕಣ್ಣು ಊಟದ ತಟ್ಟೆಯ ಕಡೆಗೂ ಹೊರಳಿತು.

ಅದೇ ವರ್ಷ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ಅಧ್ಯಯನ ಹೊರಬಂದಿತ್ತು. ಹಿಂದೊಮ್ಮೆ ಇಂಥ ನರನಾಳದ ದೋಷವಿದ್ದ ಮಗುವನ್ನು ಹೆತ್ತವರು ಮತ್ತೆ ಗರ್ಭ ಧರಿಸುವ ಮುಂಚಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ ಅಪಾಯ ಶೇ. 72ರಷ್ಟು ಕಡಿಮೆ! (ಈ ವಿಟಮಿನ್ನಿನ ಕಥೆ ಶುರುವಾಗಿದ್ದು ನಮ್ಮ ಮುಂಬಯಿಯಲ್ಲಿ, ಗೊತ್ತಾ? 1928ರಲ್ಲಿ ಅಲ್ಲಿಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ ಬಸುರಿಯರ ರಕ್ತಹೀನತೆಗೆ ಯೀಸ್ಟಿನ ಸಾರ ಕೊಟ್ಟು ಗುಣಪಡಿಸಿದ್ದರು.)

ಕಷ್ಟ ಏನಪ್ಪಾ ಅಂದ್ರೆ, ಮೆದುಳು, ಬೆನ್ನುಹುರಿಯಾಗಿ ಬೆಳೆಯುವ ನರನಾಳ ಮುಚ್ಚಿಕೊಳ್ಳುವುದು ಮೊದಲ 28 ದಿನಗಳಲ್ಲಿ. ಎಷ್ಟೋ ಹೆಂಗಸರಿಗೆ ಆಗ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಮಾತ್ರೆ ಕೈಗೆ ಬರುವಷ್ಟರಲ್ಲಿ ತಡವಾಗಿರುತ್ತೆ. ಹಾಗಾಗಿ ದಿನಾ ತಿನ್ನುವ ಹಿಟ್ಟಿಗೇ ಬೆರೆಸುವುದು ಅಂತಾಯಿತು. 1998ರ ಜನವರಿಯಿಂದ ಅಮೆರಿಕದಲ್ಲಿ 'ಎನ್‌ರಿಚ್ಡ್' ಅಂತ ಮಾರುವ ಗೋಧಿ ಹಿಟ್ಟು, ಬ್ರೆಡ್, ಪಾಸ್ತಾ, ಅಕ್ಕಿಗೆಲ್ಲ ಫೋಲಿಕ್ ಆಮ್ಲ ಕಡ್ಡಾಯ. ಇದರಿಂದ ವರ್ಷಕ್ಕೆ ಸುಮಾರು 1,300 ಮಕ್ಕಳು ಪಾರಾಗುತ್ತಿದ್ದಾರೆ ಅಂತ 2015ರಲ್ಲಿ ಅಲ್ಲಿನ ಸಿಡಿಸಿ ಲೆಕ್ಕ ಕೊಟ್ಟಿತು.

ಆದರೆ ಆ ಪಟ್ಟಿಯಲ್ಲಿ ಮಾಸಾ ಇರಲಿಲ್ಲ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬಿ ಮಾಡುವ ಹಿಟ್ಟು ಅದು. ಮೆಕ್ಸಿಕೋ, ಮಧ್ಯ ಅಮೆರಿಕದಿಂದ ಬಂದ ಎಷ್ಟೋ ಮನೆಗಳ ದಿನನಿತ್ಯದ ರೊಟ್ಟಿ, ಅಂದರೆ ಟೋರ್ಟಿಯಾ, ಆಗುವುದು ಇದರಿಂದಲೇ. 'ಎನ್‌ರಿಚ್ಡ್' ಅಂತ ಮಾನದಂಡ ಇದ್ದ ಪದಾರ್ಥಗಳಿಗಷ್ಟೇ ನಿಯಮ ಅನ್ವಯ. ಮಾಸಾಕ್ಕೆ ಅಂಥ ಮಾನದಂಡವೇ ಇರಲಿಲ್ಲ. ದೋಷದ ಪ್ರಮಾಣ ಎಲ್ಲರಲ್ಲೂ ಇಳಿಯಿತು, ಆದರೆ ಹಿಸ್ಪಾನಿಕ್ ತಾಯಂದಿರಲ್ಲಿ ಉಳಿದವರಿಗಿಂತ ಹೆಚ್ಚಾಗಿಯೇ ಉಳಿಯಿತು. ಮಾಸಾ ಒಂದೇ ಕಾರಣ ಅಂತಲ್ಲ. ಮಧುಮೇಹ, ಬೊಜ್ಜು, ಜೋಳಕ್ಕೆ ಹಿಡಿಯುವ ಬೂಷ್ಟಿನ ವಿಷ, ಇವುಗಳ ಮೇಲೂ ಅಧ್ಯಯನಗಳಿವೆ. ಆದರೆ ಸುಲಭವಾಗಿ ಸರಿಪಡಿಸಬಹುದಾಗಿದ್ದು ಹಿಟ್ಟನ್ನೇ ತಾನೆ?

2012ರಲ್ಲಿ ಅರ್ಜಿ ಹೋಯಿತು. ಸುಣ್ಣ ಹಾಕಿದ ಹಿಟ್ಟಿನಲ್ಲಿ ವಿಟಮಿನ್ ಕೆಡದೆ ಉಳಿಯುತ್ತಾ ಅಂತ ಪರೀಕ್ಷೆ ಬೇಕಾಯಿತು. ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ, ಅದೂ 'ಇಷ್ಟವಿದ್ದರೆ ಬೆರೆಸಿ' ಅಂತ. ಹೆಚ್ಚಿನ ಕಂಪನಿಗಳು ಬೆರೆಸಲಿಲ್ಲ. ಕಡೆಗೆ ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿ, 2026ರ ಜನವರಿ 1ರಿಂದ ಮಾಸಾ ಹಿಟ್ಟಿಗೂ ಕಡ್ಡಾಯ ಮಾಡಿತು.

ನನಗೆ ಕಾಡುವುದು ಇಷ್ಟು. ಇಲ್ಲಿ ಯಾರೂ ಬೇಕಂತಲೇ ಅನ್ಯಾಯ ಮಾಡಿದ ಹಾಗೆ ಕಾಣುವುದಿಲ್ಲ. ವಿಜ್ಞಾನ ಸರಿಯಾಗಿತ್ತು, ಉದ್ದೇಶವೂ ಒಳ್ಳೆಯದೇ. ಹಳೇ ಪಟ್ಟಿಯೊಂದನ್ನು ಹಾಗೇ ಎತ್ತಿಕೊಂಡರು, ಅದರಲ್ಲಿ ಯಾರ ಊಟ ಇಲ್ಲ ಅಂತ ನೋಡಲಿಲ್ಲ. ಅದನ್ನು ತಿದ್ದಲು ಒಂದು ರಾಜ್ಯಕ್ಕೇ 28 ವರ್ಷ ಬೇಕಾಯಿತು. ಬೇರೆ ಬೇರೆ ಜನ ಬೇರೆ ಬೇರೆ ರೊಟ್ಟಿ ತಿನ್ನುವ ಕಡೆ ಇಂಥ ಪಟ್ಟಿಗಳನ್ನು ಯಾರು ಬರೀಬೇಕು? ನೀವೇನಂತೀರಿ?