ಮಹಮೂದ್ ಗವಾನರ ಬೀದರ್

ಬೀದರ್ ನಗರದ ಹಳೆಯ ಪೇಟೆಯಲ್ಲಿ ಒಂದೇ ಮಿನಾರು ಉಳಿದಿರುವ ಭವ್ಯ ಕಟ್ಟಡವೊಂದಿದೆ. ಅದು 1472ರಲ್ಲಿ ಪೂರ್ಣಗೊಂಡ ಮಹಮೂದ್ ಗವಾನರ ಮದ್ರಸ. ಆ ನಗರದ ಜನರು ಕೂಡಿ ಬಾಳಿದ ಮತ್ತು ಒಡೆದು ಸೋತ ಎರಡೂ ಕಥೆಗಳನ್ನು ಅದು ಹೇಳುತ್ತದೆ.

ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ವರ್ಗಾಯಿಸಿದನು. ಇರಾನ್ ಮತ್ತು ಮಧ್ಯ ಏಷ್ಯಾದಿಂದ ವಿದ್ವಾಂಸರು, ವರ್ತಕರು, ಸೈನಿಕರು ಇಲ್ಲಿಗೆ ಬಂದರು. ಇವರನ್ನು ಆಫಾಕಿಗಳೆಂದೂ, ಮೊದಲೇ ನೆಲೆಸಿದ್ದ ಮುಸ್ಲಿಮರನ್ನು ದಖ್ಖನಿಗಳೆಂದೂ ಕರೆಯಲಾಗುತ್ತಿತ್ತು. ಆಫ್ರಿಕಾ ಮೂಲದ ಹಬ್ಶಿಗಳು ಬಹುಮಟ್ಟಿಗೆ ದಖ್ಖನಿಗಳ ಪಕ್ಷದಲ್ಲಿದ್ದರು. ಕನ್ನಡ, ತೆಲುಗು, ಮರಾಠಿ ಭಾಷಿಕರೂ ಅದೇ ನೆಲದಲ್ಲಿ ಬದುಕುತ್ತಿದ್ದರು. ಸತು-ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ಕುಸುರಿ ಮಾಡಿ, ಕೋಟೆಯ ಮಣ್ಣಿನಿಂದ ಕಪ್ಪು ಹೊಳಪು ತರಿಸುವ ಬಿದರಿ ಕಲೆ ಈ ಸಹವಾಸದ ಫಲವಾಗಿದೆ. ಅಷ್ಟೂರಿನಲ್ಲಿರುವ ಅಹ್ಮದ್ ಶಾಹನ ಸಮಾಧಿಗೆ ಇಂದಿಗೂ ಮುಸ್ಲಿಮರು ‘ವಲಿ’ ಎಂಬ ಗೌರವದಿಂದಲೂ, ಹಿಂದೂಗಳು ಅಲ್ಲಮಪ್ರಭುವೆಂಬ ಭಾವದಿಂದಲೂ ಬರುತ್ತಾರೆ.

ಇರಾನಿನ ಗೀಲಾನ್ ಪ್ರಾಂತದಿಂದ ವರ್ತಕರಾಗಿ ಬಂದ ಗವಾನರು ಮುಂದೆ ಬಹಮನಿ ರಾಜ್ಯದ ಪ್ರಧಾನ ಮಂತ್ರಿಯಾದರು. ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ ಪ್ರಾಂತಾಧಿಪತಿಗಳ ಮಿತಿಮೀರಿದ ಅಧಿಕಾರವನ್ನು ಮೊಟಕುಗೊಳಿಸಿದರು. ಹುದ್ದೆಗಳನ್ನು ಆಫಾಕಿ ಮತ್ತು ದಖ್ಖನಿಗಳ ನಡುವೆ ಸಮತೋಲನದಿಂದ ಹಂಚಲು ಯತ್ನಿಸಿದರು. ಮೂರಂತಸ್ತಿನ ಮದ್ರಸ ಕಟ್ಟಿಸಿ, ಅದರಲ್ಲಿ ಗ್ರಂಥಾಲಯವನ್ನೂ, ವಿದ್ಯಾರ್ಥಿ ಮತ್ತು ಶಿಕ್ಷಕರಿಗೆ ವಸತಿಯನ್ನೂ ಏರ್ಪಡಿಸಿದರು.

ಆದರೆ ಅಧಿಕಾರ ಕಳೆದುಕೊಂಡವರ ಅಸೂಯೆ ತಣಿಯಲಿಲ್ಲ. ಗವಾನರ ಮೊಹರನ್ನು ಕಾಯುತ್ತಿದ್ದವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಹಾಕಿಸಿದರು. ಒರಿಸ್ಸಾದ ರಾಜನನ್ನು ದಾಳಿಗೆ ಆಹ್ವಾನಿಸುವ ಸುಳ್ಳು ಪತ್ರವನ್ನು ಅದರಲ್ಲಿ ಬರೆದರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನ ಮೂರನೇ ಮುಹಮ್ಮದ್ ಶಾಹ್ ವಿಚಾರಣೆಯನ್ನೇ ನಡೆಸದೆ 1481ರಲ್ಲಿ ಆ ವೃದ್ಧ ಮಂತ್ರಿಗೆ ಮರಣದಂಡನೆ ವಿಧಿಸಿದನು. ಸತ್ಯ ತಿಳಿದಾಗ ಕಾಲ ಮೀರಿತ್ತು. ಪಶ್ಚಾತ್ತಾಪದಲ್ಲಿ ಬೆಂದ ಸುಲ್ತಾನನೂ ಮರುವರ್ಷ ತೀರಿಕೊಂಡನು. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಬಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ್ ಎಂದು ಐದು ಹೋಳಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಗವಾನರನ್ನು ಕೊಂದದ್ದು ಹೊರಗಿನ ಶತ್ರುವಲ್ಲ. ಒಂದೇ ಕಿಬ್ಲಾದತ್ತ ಮುಖಮಾಡಿ ನಮಾಝ್ ಮಾಡುತ್ತಿದ್ದವರ ಒಳಜಗಳವೇ ಅವರನ್ನು ಬಲಿ ತೆಗೆದುಕೊಂಡಿತು. ತಮ್ಮ ಬಳಿಗೆ ಬಂದ ಸುದ್ದಿಯನ್ನು ಪರಿಶೀಲಿಸಬೇಕೆಂಬ ಕುರ್‌ಆನಿನ ಆದೇಶವನ್ನು ಒಬ್ಬ ಅರಸ ಒಂದು ದಿನ ಮರೆತನು. ಒಂದು ರಾಜ್ಯವೇ ಅದರ ಬೆಲೆ ತೆತ್ತಿತು. ಇಂದು ಸುಳ್ಳು ಪತ್ರ ಬರೆಯಲು ಮೊಹರು ಕದಿಯಬೇಕಾಗಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇದೆ.

1696ರಲ್ಲಿ ಮದ್ರಸದೊಳಗೆ ಸಂಗ್ರಹಿಸಿದ್ದ ಮದ್ದು ಸಿಡಿದು ಅದರ ಒಂದು ಪಾರ್ಶ್ವವೇ ಉರುಳಿತು. ಜ್ಞಾನದ ಮನೆಯಲ್ಲಿ ಸಿಡಿಮದ್ದನ್ನು ತುಂಬಿದರೆ ಏನಾಗುತ್ತದೆ ಎಂಬುದಕ್ಕೆ ಉಳಿದಿರುವ ಆ ಒಂಟಿ ಮಿನಾರು ಸಾಕ್ಷಿ. ಮಕ್ಕಳನ್ನು ಬೀದರಿಗೆ ಕರೆದೊಯ್ಯುವ ಹೆತ್ತವರು ಕೋಟೆಯೊಂದಿಗೆ ಈ ಮದ್ರಸವನ್ನೂ ತೋರಿಸಲಿ, ಅದರ ಕಥೆಯನ್ನೂ ಹೇಳಲಿ.